ಹನ್ನೊಂದು

ಔಲು ಪಟ್ಟಣದಲ್ಲಿ ಡಿಸೆಂಬರ್ ಎಂದರೆ
ಮಧ್ಯಾಹ್ನ ಎರಡಕ್ಕೇ ಕತ್ತಲು.
ನೆಲಮಾಳಿಗೆಯ ಇಲಿಗಳಿಗೆ ಮಾತ್ರ
ಗುಂಡಿ ಒತ್ತಿದಾಗ ಹಗಲು, ಗುಂಡಿ ಒತ್ತಿದಾಗ ಇರುಳು.
ಇಪ್ಪತ್ತಾರು ವರ್ಷದಿಂದ ಒತ್ತುತ್ತಿದ್ದೇನೆ.

ಡಾಕ್ಟರ್ ವೈನಿಕ್ಕಾ ತಮ್ಮ ಪ್ರಬಂಧದ ಕರಡನ್ನು
ಕಾಫಿ ಮೇಜಿನ ಮೇಲೆ ಬಿಟ್ಟು ಹೋಗಿದ್ದರು.
ಕೊನೆಯಲ್ಲಿ ಕೃತಜ್ಞತೆ: ಹಿಲ್ಕಾ ತೆರ್ವೊನೆನ್, ಪ್ರಾಣಿಗಳ ಆರೈಕೆಗೆ.
ಹೆಸರು ನೋಡಿ ಖುಷಿಯಾಯಿತು, ಸುಳ್ಳೇಕೆ.
ಆಮೇಲೆ ಮೊದಲಿನಿಂದ ಓದಿದೆ.
"ಎಂಟು ಇಲಿಗಳನ್ನು ಬಳಸಲಾಯಿತು."

ಎಂಟು?
ಪೆಟ್ಟಿಗೆಗಳನ್ನು ವ್ಯಾನಿನಿಂದ ಇಳಿಸಿಕೊಂಡವಳು ನಾನು.
ಬಾಲದ ಮೇಲೆ ಮಸಿಯಲ್ಲಿ ಗುರುತು ಹಾಕಿದವಳು ನಾನು,
ಒಂದರಿಂದ ಹನ್ನೊಂದರವರೆಗೆ.

ನಾಲ್ಕನೆಯದು ಅರಿವಳಿಕೆಯಿಂದ ಏಳಲೇ ಇಲ್ಲ.
ಏಳನೆಯದರ ನೀರಿನ ಬಾಟಲಿ ಶನಿವಾರ ರಾತ್ರಿ ಸೋರಿ
ಭಾನುವಾರ ನೋಡಿದರೆ ಮರದ ಹೊಟ್ಟೆಲ್ಲ ಒದ್ದೆ, ಮೈ ತಣ್ಣಗೆ.
(ಆ ಬಾಟಲಿ ಬಿಗಿದವಳೂ ನಾನೇ. ಅದನ್ನೂ ಬರೆದಿಟ್ಟಿದ್ದೇನೆ.)
ಹತ್ತನೆಯದು ಬದುಕಿತ್ತು, ಚೆನ್ನಾಗಿ ತಿನ್ನುತ್ತಿತ್ತು,
ಮದ್ದು ಮಾತ್ರ ಅದಕ್ಕೆ ನಾಟಲಿಲ್ಲ.

ಮಕ್ಕಳ ಆಟದಲ್ಲಿ ಒಬ್ಬ ಪುಟ್ಟ ಇರುತ್ತಾನಲ್ಲ,
ಎಲ್ಲರ ಹಿಂದೆ ಓಡುತ್ತಾನೆ, ಬೀಳುತ್ತಾನೆ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ತರಚಿದ ಮಂಡಿಯ ನೆತ್ತರು ಮಾತ್ರ ನಿಜದ್ದು.

ವಾದ ಮಾಡಲು ನನಗೆ ಬರುವುದಿಲ್ಲ.
ದಾಖಲೆ ಪುಸ್ತಕ ತಂದು, ಆ ಪುಟ ತೆರೆದು
ಕರಡಿನ ಪಕ್ಕ ಇಟ್ಟೆ;
ಮಗುಚದಂತೆ ಮೇಲೆ ಅವರದೇ ಕಾಫಿ ಲೋಟ.

ಎರಡು ದಿನ ಮಾತಿಲ್ಲ.
ಮೂರನೆಯ ದಿನ ಕೈಗವುಸು ತೊಡುವುದನ್ನೂ ಮರೆತು ಇಳಿದು ಬಂದರು.
"ಹತ್ತನೆಯದನ್ನು ಸೇರಿಸಿದರೆ
ಫಲಿತಾಂಶ ಅರ್ಧಕ್ಕೆ ಇಳಿಯುತ್ತದೆ, ಹಿಲ್ಕಾ."
ಇಳಿಯಲಿ ಎನ್ನಲಾಗಲಿಲ್ಲ. ಅವರ ಮೂರು ವರ್ಷ ಅದು.
"ಬಾಟಲಿ ಬಿಗಿದವಳ ಹೆಸರು ಬೇಕಿದ್ದರೆ ಹಾಕಿ" ಎಂದೆ.

ಈಗ ಅಚ್ಚಾಗಿದೆ, ದೊಡ್ಡ ಪತ್ರಿಕೆಯಲ್ಲಲ್ಲ, ಚಿಕ್ಕದೊಂದರಲ್ಲಿ.
ಆರಂಭದಲ್ಲಿ ಹನ್ನೊಂದು. ಒಂದು ಅರಿವಳಿಕೆಯಲ್ಲಿ ಸತ್ತಿತು,
ಒಂದು ನೀರು ಸೋರಿ. ಒಂದಕ್ಕೆ ಮದ್ದು ನಾಟಲಿಲ್ಲ, ಕಾರಣ ತಿಳಿಯದು.
ಕಾರಣ ತಿಳಿಯದು:
ಎರಡೇ ಪದ, ಅಚ್ಚಿನಲ್ಲಿ ಎಷ್ಟು ಕಪ್ಪಗೆ ಕಾಣುತ್ತವೆ!
ಬೇರಾವುದೋ ಊರಿನಲ್ಲಿ ಯಾರೋ ಇದನ್ನು ಓದಿ
ಇನ್ನೊಂದು ಹನ್ನೊಂದನ್ನು ತರಿಸದೇ ಇರಬಹುದು.
ತರಿಸಲೂಬಹುದು.

ಆರು ಗಂಟೆ. ಗುಂಡಿ ಒತ್ತುತ್ತೇನೆ.
ಇರುಳಾಯಿತೆಂದು ಎಲ್ಲ ಏಳುತ್ತವೆ, ಹೊಟ್ಟಿನಲ್ಲಿ ಸರಪರ ಸದ್ದು.
ಹೊಸ ಗೂಡುಗಳ ಬಾಟಲಿಗಳನ್ನು
ಒಂದೊಂದಾಗಿ ಬಿಗಿದು ನೋಡಿ,
ಮತ್ತೊಮ್ಮೆ ಬಿಗಿದು ನೋಡಿ,
ಕೋಟು ಹಾಕಿಕೊಳ್ಳುತ್ತೇನೆ.