ಡಬ್ಬಿಗೆ ಹತ್ತು, ಕಡ್ಡಿಗೆ ಐದು

ಬ್ಯಾಡಗಿ ಯಾರ್ಡಿನ ಹಿಂದ, ದಲಾಲಿ ಅಂಗಡಿ ಗೋದಾಮಿನಾಗ,
ಗುರುವಾರದ ಟೆಂಡರಿನ ಹಿಂದಿನ ರಾತ್ರಿ
ಗೋಣಿಚೀಲ ಹಾಸಿ ಐದು ಮಂದಿ ಕುಂತಿದ್ವಿ.
ರೊಕ್ಕ ಕಂಡ್ರ ಸಾವ್ಕಾರ ಬೈತಾನಂತ
ಮೆಣಸಿನಕಾಯೇ ನಾಣ್ಯ:
ಡಬ್ಬಿಗೆ ಹತ್ತು, ಕಡ್ಡಿಗೆ ಐದು,
ತೊಟ್ಟು ಮುರದದ್ದು ನಡಿಯಂಗಿಲ್ಲ.

ಆಟ ಹೊಸಾದು. ಗೋವಾದ ಜೂಜಿನ ಹಡಗಿನಾಗ
ಮೂರು ತಿಂಗಳು ಗ್ಲಾಸ್ ತೊಳದು ಬಂದ ಇರ್ಷಾದ ಕಲಿಸಿದ್ದು.
ಕೈಯಾಗ ಎರಡೆಲಿ, ಮುಚ್ಚಿದ್ದು.
ನಡುವ ಐದು, ಎಲ್ಲಾರದೂ:
ಮೊದಲ ಮೂರು, ಆಮ್ಯಾಲೆ ಒಂದು, ಕಡೀಗೆ ಒಂದು.
ತೆಗದಾಗೊಮ್ಮೆ ಪಣ.
"ಮೂರು ಸಲ ಸುಳ್ಳು ಹೇಳಾಕ ಜಾಗಾ ಐತಿ ಇದರಾಗ" ಅಂದ.

ನನಗದು ಹಿಡಿಸ್ತು.
ಹನ್ನೊಂದು ವರ್ಷ ಲೆಕ್ಕದ ಪುಸ್ತಕ ಬರದವ ನಾ;
ಒಂದ ಸಲ ಹೇಳಿದ ಸುಳ್ಳು ನಿಲ್ಲಂಗಿಲ್ಲ,
ಅದಕ್ಕ ತಾರೀಖು ಬೇಕು, ಮುಂದಿನ ಪುಟದಾಗ ಸಾಕ್ಷಿ ಬೇಕು,
ನಿನ್ನಿದೂ ಇವತ್ತಿನದೂ ತಾಳೆ ಆಗಬೇಕು.

ಆದ್ರ ಮಂದಿ ಎಂಥಾವ್ರು!
ಹಮಾಲ ಫಕ್ಕೀರಪ್ಪ ಚೀಲ ಹೊತ್ತಂಗ ಎಲಿ ಹೊರತಾನ,
ಇಳಸೂ ಜಾಗಾ ಬರೂತನಕ ಇಳಸಂಗಿಲ್ಲ.
ಲಾರಿ ಕ್ಲೀನರ್ ದುರಗೇಶಗ ರಾಜಾನ ಹುಚ್ಚು,
ಬಂದಾನು ಬಂದಾನು ಅಂತ ಕಾಯ್ತಾನ.
ತೊಟ್ಟು ಬಿಡಿಸೋ ಕಲ್ಲವ್ವಂದು ಒಂದ ಮಾತು:
"ನೋಡೂಣಲ್ಲ."

ಕೋಣನ ಮುಂದ ಕಿನ್ನರಿ ಅಂತಾರ.
ಕೋಣಂದೇನು ತಪ್ಪು?
ಸುಳ್ಳಿಗೆ ಹೆದರಾವ್ರು ಬೇಕು.

ಮ್ಯಾಲ ಗೋದಾಮಿನ ಘಾಟು.
ಎಲ್ಲಾರ ಕಣ್ಣೂ ಕೆಂಪು, ಎಲ್ಲಾರ ಮೂಗೂ ಸೋರತಾವ,
ಯಾರ ಮಾರಿ ನೋಡಿ ಏನು ಓದೂದು.

ಕೈಯಾಗ ಇಸ್ಪೀಟಿನ ಏಳು, ಕಳಾವರದ ಎರಡು. ಹೊಲಸು.
ನಡುವ ಬಿದ್ದದ್ದು ಆಟೀನು, ಆಟೀನು, ಆಟೀನು:
ಒಂಬತ್ತು, ರಾಣಿ, ನಾಕು.
ಎರಡು ಡಬ್ಬಿ ಇಟ್ಟೆ, ಕೈಯಾಗ ಇನ್ನೆರಡು ಆಟೀನು ಇದ್ದಾವರಂಗ.
ಇರ್ಷಾದ ಎಲಿ ಮುಚ್ಚಿಟ್ಟ.
ಸುಳ್ಳು ತಿಳದಾವ ಅವನೊಬ್ಬನ,
ನಂಬಿದಾವನೂ ಅವನೊಬ್ಬನ.

ನಾಕನೇದು ಕಳಾವರದ ಗುಲಾಮ.
ಐದು ಡಬ್ಬಿ.
ಮೂವರೂ ಇಟ್ರು, ಕೆಮ್ಮಿಕೊಂತ, ಉಗುಳಿಕೊಂತ.
ಎದಿ ಡವಡವ ಅಂದ್ರೂ ಹಿಂದ ಸರಿಯಾಕ ಬರಂಗಿಲ್ಲ ಈಗ,
ಅರ್ಧ ಬರದ ಸುಳ್ಳು ಪೂರಾ ಸುಳ್ಳಿಗಿಂತ ಖೊಟ್ಟಿ.

ಕಡೀದು ಇಸ್ಪೀಟಿನ ಮೂರು.
ನನ್ನ ಮುಂದಿನ ರಾಶಿ ಅಂಗೈಲೆ ದಬ್ಬಿದೆ.
ದುರಗೇಶನ ರಾಜಾ ಬರಲಿಲ್ಲ, ಎದ್ದ.
ಫಕ್ಕೀರಪ್ಪ "ಭಾರ ಆತಪಾ" ಅಂತ ಇಳಿಸಿದ.
ನನ್ನ ಲೆಕ್ಕ ಬರೋಬ್ಬರಿ ನಡದಿತ್ತು.

ಕಲ್ಲವ್ವ ಒಂದು ಕಾಯಿ ಎತ್ತಿ ಅಲ್ಲಾಡಿಸಿದ್ಲು,
ಬೀಜ ಗಿಲಿಗಿಲಿ ಅಂದೂವು.
"ನೋಡೂಣಲ್ಲ."

ಅಕಿ ಕೈಯಾಗ ಒಂದು ನಾಕು.
ನಾಕರ ಜೋಡಿ! ಅದಕ್ಕ ಇಷ್ಟು ಕಾಯಿ!
"ಹ್ಯಾಂಗ ತಿಳೀತ ಯವ್ವಾ?"
"ತಿಳಿಯೂದೇನೈತಿ, ನೋಡಬೇಕನಸ್ತು."
ಆಮ್ಯಾಲೆ, ಗೆದ್ದದ್ದು ಉಡಿಗೆ ಸುರಕೊಂತ:
"ಎಲ್ಲಾರೂ ಕೆಮ್ಮಾಕತ್ತಿದ್ರು ತಮ್ಮಾ.
ನೀ ಒಬ್ಬನ ಸುಮ್ಕಿದ್ದಿ."

ರೊಕ್ಕ ಬ್ಯಾಡಂದ್ಲು, ಕಾಯೇ ಒಯ್ದಳು.
ನಾಳಿನ ತೂಕದಾಗ ಅಷ್ಟು ಕಮ್ಮಿ ಬರೂದನ್ನ
ನಾನ ಬರೀಬೇಕು.

ವೇ ಬ್ರಿಜ್ ದಾಟೂತನಕ ತಡಕೊಂಡೆ.
ಆಮ್ಯಾಲೆ ಬಂತು:
ಮೊದಲ ಮೂರು,
ಒಂದು,
ಕಡೀಗೆ ಒಂದು.
ಚೀಲದ ಮ್ಯಾಲೆ ಮಲಗಿದ್ದ ನಾಯಿ
ಒಂದ ಕಣ್ಣು ತೆರದು ನೋಡಿ
ಮತ್ತ ಮುಚ್ಚಿಕೊಂತು.