ಎಡಗಡಿ ಬ್ರೇಕು

ಸಾತ್ ರಸ್ತಾ ದಾಟಿ ಹೋಟಗಿ ರೋಡಿಗೆ ಹೊಳ್ಳೂದರಾಗ
ನನ್ನ ಕಾಲ ಕೆಳಗೂ ಒಂದು ಬ್ರೇಕು ಅದ ಅನ್ನೂದು
ಕಲಿಯಾಕ ಬಂದವರು ಮರ್ತಿರ್ತಾರ.
ಮರೀಲಿ. ಮರ್ತರಽ ಕೈ ಸಡ್ಲ ಆಗ್ತಾವ.

ಹನ್ನೊಂದು ವರ್ಷ ಆತು ಈ ಹಳೇ ಮಾರುತಿಯೊಳಗ.
ಫೋನಿನ್ಯಾಗ ಇನ್ನೂ ಕೇಳ್ತಾರ,
"ಕಲಸಾಕ ಸರ್ ಇಲ್ಲೇನ್ರೀ?"
ಇದ್ದಾರ, ಅಂತೀನಿ. ಮುಂಜಾನಿ ಆರಕ್ಕ ಚಾವಿ ಹಿಡ್ಕೊಂಡು
ನಾನಽ ಹೋಗಿ ನಿಂದರ್ತೀನಿ.

ರೇವಣಸಿದ್ಧ ಬಿರಾಜದಾರ, ಇಪ್ಪತ್ಮೂರು, ಟಾವೆಲ್ ಅಂಗಡಿ.
ಮೊದಲ್ನೇ ದಿನಾನಽ ಒಂದು ಕೈಲೆ ಸ್ಟೇರಿಂಗು,
ಇನ್ನೊಂದು ಕೈ ಎಲ್ಲಿಡಬೇಕು ತಿಳೀದ ಕಿಡಕಿ ಮ್ಯಾಲ.
ಸ್ಕೂಟಿ ಮ್ಯಾಲಿನ ಹುಡುಗಿ ಒಬ್ಬಾಕಿ ದಾಟಿ ಹೋದ್ಲು.
ಅಷ್ಟ.
ಅವನ ಕಿವಿ ಕೆಂಪಾತು, ಕಾಲು ತಳ ಮುಟ್ಟಿತು.
ಎದುರಿಗೆ ಕಬ್ಬಿನ ಟ್ರ್ಯಾಕ್ಟರು, ಹಿಂದ ಎರಡು ಡಬ್ಬಿ,
ದೀಪ ಇಲ್ಲ, ಹಾಡು ಮಾತ್ರ ಮುಗಿಲಿಗೆ.
ನನ್ನ ಬಲಗಾಲು ತಾನಽ ಒತ್ತಿತು.
"ಯಾಕ ಹಾಕಿದ್ರಿ ಮ್ಯಾಡಮ್, ಹೊಡೀತಿದ್ದೆ ನಾ.
ಹಿಂಗ ಹಿಂದಽ ಉಳಿದ್ರ ಗೆಳ್ಯಾರು ಕೇಳ್ತಾರ,
ಬಳಿ ಇಟ್ಕೊಂಡೀ ಏನಲೇ ಅಂತ."

ಗೇರಿನ ಮ್ಯಾಲಿದ್ದ ನನ್ನ ಕೈ ನೋಡಿದ. ಹನ್ನೆರಡು ಹಸರ ಬಳಿ.
ಆಮ್ಯಾಲ ರಸ್ತಾ ನೋಡಿದ.

ವಿಜಯಾಬಾಯಿ ಶಟಗಾರ, ಐವತ್ತೆರಡು.
ಹಾರ್ನು ಹೊಡಿಯಾಕ ನಾಚಿಕಿ:
ಅದೂ ಹೊರಗ ನಿಂತು ಒದರಿದಂಗಲ್ಲೇನ್ರೀ, ಅಂತಾರ.
ಅಕ್ಕಲಕೋಟ ರೋಡಿನ್ಯಾಗ ಕಬ್ಬಿನ ಹಿಂದ ಮೂರು ಕಿಲೋಮೀಟರು,
ನಮ್ಮ ಹಿಂದ ಹಾರ್ನಿನ ದಿಬ್ಬಣ.
ಒಬ್ಬಾಂವ ಬಾಜೂಕ ಬಂದು ಕಾಚು ಇಳಿಸಿ
"ಒಲಿ ಮುಂದ ಕುಂಡ್ರೂದು ಬಿಟ್ಟು ಇಲ್ಯಾಕ ಬಂದೀಬೇ" ಅಂದು
ತಿರುವಿನ್ಯಾಗ ಮಾಯ ಆದ.
ವಿಜಯಾಬಾಯಿ ಕಣ್ಣು ರಸ್ತಾದಿಂದ ತಗೀಲಿಲ್ಲ.
"ಮೂವತ್ತು ವರ್ಷ ಕುಂತೀನಿ ಒಲಿ ಮುಂದ.
ಹಾಲು ಯಾವಾಗ ಉಕ್ಕತದ, ನನಗ ತಿಳೀತದ."

ಹಂಗಂತ ಹೆಂಗಸರೆಲ್ಲಾ ಶಾಣ್ಯಾರು, ಗಂಡಸರೆಲ್ಲಾ ಹುಚ್ಚರು
ಅಂತ ನಾ ಹ್ಯಾಂಗ ಅನ್ಲಿ.
ಹೋದ ಶ್ರಾವಣದಾಗ ತುಳಜಾಪುರದಿಂದ ಸೊಲ್ಲಾಪುರಕ್ಕ
ಒಬ್ಬಾಕೀನಽ ಬರೂವಾಗ, ಬಾಜೂಕಿನ ಗಾಡಿಯಾಂವ
ನನ್ನ ನೋಡಿ ನಕ್ಕ. ಬರೇ ನಕ್ಕ.
ಮುಳ್ಳು ನೂರಾಹತ್ತರ ಮ್ಯಾಲ ನಡಗಾಕತ್ತಿತ್ತು,
ಬಾಗಲಾ ಗಡಗಡ, ಎದಿ ತಣ್ಣಗ.
ಅಂವ ಕನ್ನಡ್ಯಾಗ ಸಣ್ಣಾಗಿ ಸಣ್ಣಾಗಿ ಉಳದ.
ಭಾಳ ಛಲೋ ಅನಿಸಿತ್ತು. ಮನ್ಯಾಗ ಯಾರಿಗೂ ಹೇಳಿಲ್ಲ.
ಎಡಗಡಿ ಸೀಟಿನ್ಯಾಗ ಆವತ್ತು ಯಾರೂ ಇರಲಿಲ್ಲ.

ನಿನ್ನಿ ಆರ್‌ಟಿಓ ಮೈದಾನ.
ರೇವಣಸಿದ್ಧ ಎಂಟರ ಅಂಕಿ ತಿರುವಿದ, ಒಂದೂ ಕೋಲು ಬೀಳಲಿಲ್ಲ,
ಎರಡೂ ಕೈ ಸ್ಟೇರಿಂಗಿನ ಮ್ಯಾಲ, ನಾ ಹೇಳಿಕೊಟ್ಟಂಗ.
ಸಾಹೇಬ ಮರಾಠ್ಯಾಗ ಕೇಳಿದ, ಛಲೋ ಕಲಿಸ್ಯಾರಲಾ, ಯಾರು?
"ಮಾಮಾನೆ," ಅಂದ. ಅವನ ಸ್ವಾದರಮಾವ.

ಕಂಪೌಂಡಿನ ಗೋಡಿಗೆ ನಿಂತಿದ್ದೆ, ಕೈಯಾಗ ಅವನ ಫಾರ್ಮು.
ಬಲಗಾಲು
ಬರೇ ಮಣ್ಣು ಒತ್ತಾಕತ್ತಿತ್ತು.