ನಾಲ್ಕು ಕೆಜಿ ಗೂಡಿನ ದೂರ

ಶಿಡ್ಲಘಟ್ಟ, ಬೆಳಗಿನ ಜಾವ.

‘ಇವರಿಗೆ’ ಎಂದು ಬರೆದು ಹೊಡೆದುಹಾಕಿದೆ.
ವೆಂಕಟರೋಣ, ಎಂದು ಬರೆದೆ.
ಎಂಟು ವರ್ಷ ಬಾಯಿಗೆ ಬಾರದ ಹೆಸರು
ಪೆನ್ನಿಗೆ ಸಲೀಸಾಗಿ ಬಂತು.
ಯಾರೂ ಕೇಳಿಸಿಕೊಳ್ಳಲಿಲ್ಲ,
ಒಲೆ ಮೇಲಿನ ಹಾಲು ಬಿಟ್ಟರೆ.

ಗೂಡಿನ ಮಾರ್ಕೆಟ್ಟಿನ ಲಾಟು ಚೀಟಿ ಇದು,
ಬೆನ್ನು ಖಾಲಿಯಿತ್ತು.
ತಿರುಗಿಸಿ ನೋಡಬೇಡ, ಆ ಕಡೆ ಬರೀ ರೇಟು.

ಕಾಗದ ಯಾಕೆ ಅನ್ನುತ್ತೀಯ.
ನೀನು ಹಾಕಿಕೊಟ್ಟ ಹೆಬ್ಬೆಟ್ಟಿನ ಬೀಗಕ್ಕೆ
ನಾನೇ ಈಗ ಯಾರೋ.
ದಿನವಿಡೀ ಬಿಸಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಬೆರಳು ಬೆಂದ ಕಡಲೆಕಾಯಿ ಸಿಪ್ಪೆ ಹಾಗೆ;
ಗೆರೆಯೆಲ್ಲ ಬೇಸಿನ್ನಿನ ಪಾಲು.
ನೀನು ಮಾಡಿದರೆ ಎತ್ತಬಹುದು, ನಾನಾಗಿ ಮಾಡೋಕಾಗಲ್ಲ.
ನಂಬರು ಹಾಕು ಅಂತು ಫೋನು.
ನೀನು ಹುಟ್ಟಿದ ದಿನ ಹಾಕಿದೆ. ಇಲ್ಲ.
ನಮ್ಮ ಮದುವೆ ದಿನ. ಇಲ್ಲ.
ಮೂರು ದಿನ ಸುಮ್ಮನಿದ್ದು, ನಿನ್ನೆ ರೋಸಿ
ನಿನ್ನ ಲಾರಿ ನಂಬರು ಒತ್ತಿದೆ.
ತೆರೆಯಿತು.

ಇದನ್ನು ಆಮೇಲೆ ಮಾತಾಡೋಣ.

ತೆರೆದ ಮೇಲೂ ಮಾಡಲಿಲ್ಲ. ಕೋಪ ಅಂದುಕೋ, ಅರ್ಧ ನಿಜ.
ಉಳಿದರ್ಧ ಏನೆಂದರೆ,
ರಿಂಗಾದರೆ ನೀನು ಸ್ಟೇರಿಂಗು ಬಿಟ್ಟು ಎತ್ತುತ್ತೀಯ,
ಆಮೇಲೆ ಹಲೋ ಹಲೋ, ಊಟ ಆಯ್ತಾ, ಆಯ್ತು.
ನನಗೆ ಹೇಳೋದಿದ್ದದ್ದು ಊಟದ ಆಚೆ.

ಬಾಬಾಜಾನ್ ಸಾಬರು ಹೇಳಿದರು:
ಒಳ್ಳೇ ಗೂಡಾದರೆ ಒಂದರಲ್ಲಿ ಒಂದು ಕಿಲೋಮೀಟರು ಎಳೆ.
ಸಿಲಿಗುರಿ ಎಷ್ಟು ದೂರ ಅಂತ
ಶಹತಾಜಳ ಮಗನನ್ನ ಕೇಳಿ
ಬೇಸಿನ್ನಿನ ಮುಂದೆ ಕೂತು ಲೆಕ್ಕ ಹಾಕಿದೆ.
ನಾಲ್ಕು ಕೆಜಿ.
ನಾಲ್ಕೇ ಕೆಜಿ ಗೂಡಿನ ದೂರ ಕಣಯ್ಯ ನೀನು.
ಹನ್ನೊಂದು ಗಂಟೆ ಟೀ ಬರೋ ಹೊತ್ತಿಗೆ ನಿನ್ನ ಮುಟ್ಟುತ್ತೇನೆ,
ಸಂಜೆಗೆ ನಿನ್ನನ್ನೂ ದಾಟಿ
ಹೆಸರು ಗೊತ್ತಿಲ್ಲದ, ಹಿಮ ಬೀಳೋ ಯಾವುದೋ ಊರಲ್ಲಿ
ಒಬ್ಬಳೇ ನಿಂತಿರುತ್ತೇನೆ.
ನಡುವೆ ಕಡಿಯುತ್ತೆ. ಕಡಿದಾಗ
ಕುಂಚ ಆಡಿಸಿ ಮತ್ತೆ ತುದಿ ಹಿಡೀಬೇಕು.
ನಾಗಪುರದ ಹತ್ತಿರ ಎರಡು ಸಲ ಕಡಿಯಿತು ನಿನ್ನೆ.
ನಿದ್ದೆಗೆಟ್ಟು ಓಡಿಸ್ತಿದ್ದೀಯಾ?

ರೇಷನ್ ಅಂಗಡೀಲೂ ಇದೇ ಗೋಳು.
ಮೆಷೀನು ಮೂರು ಸಲ ಕೆಂಪಗಾಯಿತು.
‘ನೀನು ನೀನೇ ಅನ್ನೋಕೆ ಯಾರಿದ್ದಾರಮ್ಮ?’
ಅಂದ ಅಂಗಡಿಯವನು, ತಮಾಷೆಗೆ.
ಕ್ಯೂ ಪೂರಾ ನಕ್ಕಿತು, ನಾನೂ ನಕ್ಕೆ.
ಒಬ್ಬನಿದ್ದಾನೆ,
ಕತ್ತಲಲ್ಲೂ ಗುರುತು ಹಿಡಿಯುತ್ತಾನೆ,
ಅವನಿಗೆ ಗೆರೆ ಬೇಕಿಲ್ಲ
ಅಂತ ಅನ್ನಲಿಲ್ಲ.
ಮನೆಗೆ ಬಂದು ಇಲ್ಲಿ ಬರೆದೆ.

ನನ್ನ ಕೈಗೆ ಬೆಂದ ಹುಳುವಿನ ವಾಸನೆ,
ನಿನ್ನ ಅಂಗಿಗೆ ಒಡೆದ ಟೊಮೇಟೊ.
ಎರಡೂ ಒಂದೇ ಚಾಪೆಗೆ ಬಂದ ರಾತ್ರಿ
ಬೀದಿ ಬೆಕ್ಕು ಕೂಡ ಕಿಟಕಿಗೆ ಬರಲಿಲ್ಲ, ನೆನಪಿದೆಯಾ?
ಆ ವಾಸನೆ ಬೇಕು ನನಗೆ.
ಬರೆದುಬಿಟ್ಟೆ. ಇನ್ನು ಹೊಡೆದುಹಾಕಲ್ಲ.

ನಿನಗೆ ಅಡ್ರೆಸ್ಸಿಲ್ಲ.
ಚಿಂತಾಮಣಿ ಮಂಡಿಯಿಂದ ನಾಳೆ ಹೊರಡೋ ಲಾರಿಯ
ಕ್ಲೀನರ್ ನಂಜುಂಡಿ ಕೈಗೆ ಕೊಡ್ತೇನೆ.
ಯಾವುದಾದರೂ ಡಾಬಾದಲ್ಲಿ ಅವನು ನಿನ್ನ ಹಿಡಿಯಬಹುದು.
ಇಲ್ಲ, ನೀನು ಮೊದಲು ಮನೆಗೆ ಬಂದು
ಕಾಗದ ಇನ್ನೂ ಬಿಹಾರದಲ್ಲಿರಬಹುದು.
ಆಗ ನಾನು ಬಾಯಲ್ಲಿ ಹೇಳೋಲ್ಲ.
ಕಾಯಬೇಕು ನೀನು, ನನ್ನ ಹಾಗೆ.

ಬರುವಾಗ ಅಲ್ಲಿನ ಟೀಪುಡಿ ತಾ, ಕಾಲು ಕೆಜಿ ಸಾಕು.
ಫೋನಿನ ನಂಬರು ಬದಲಾಯಿಸಿದ್ದೇನೆ.
ಏನು ಅಂತ ಹೇಳಲ್ಲ.

ಅಲುವೇಲು